ಹಲ್ಲಕ್ಕನ ಮಧ್ಯಂತರ ಆದೇಶ

ದಂತವೈದ್ಯರ ಕ್ಲಿನಿಕ್ಕುಗಳು ಸಾಲಾಗಿರುವ ಬೀದಿಯ ಹಿಂಭಾಗದಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಉದ್ದನೆಯ ಕೋಣೆಯೇ ಹಲ್ಲು ಕಟ್ಟುವ ಲ್ಯಾಬು. ಮುಂದಿನ ಬೀದಿಯ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಹಿಂದಿನವರು ಅಚ್ಚಿಗೆ ತಕ್ಕ ಹಲ್ಲು ಮಾಡಿ ಕಳಿಸುತ್ತಾರೆ. ಆ ಹಲ್ಲು ಯಾರ ಬಾಯಿಗೆ ಹೋಯಿತು, ಅದರಲ್ಲಿ ಏನನ್ನು ಕಡಿದರು ಎಂಬುದು ಇವರಿಗೆ ಗೊತ್ತಾಗುವುದಿಲ್ಲ.

ಕಿಟಕಿಯ ಪಕ್ಕದ ಮೇಜು ಅವಳದು. ಬಣ್ಣ ಹೊಂದಿಸುವುದಕ್ಕೆ ಹಗಲಿನ ಬೆಳಕೇ ಆಗಬೇಕು, ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಹಲ್ಲೂ ಒಂದೇ ಥರ ಸುಳ್ಳು ಹೇಳುತ್ತವೆ ಎನ್ನುವವಳು. ಲ್ಯಾಬಿನಲ್ಲೂ ಬೀದಿಯಲ್ಲೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಪ್ಲಾಸ್ಟರ್ ಮಾವ. ಅವರು ಯಾರಿಗೂ ಮಾವನಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹಳಬರು, ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವುದು ಅವರ ಕೆಲಸ, ಅಷ್ಟೆ. ಹುಬ್ಬಿನ ಮೇಲೆ ಯಾವಾಗಲೂ ಬಿಳಿ ಪುಡಿ ಇರುತ್ತಿತ್ತು. ಅವರ ಬಾಯಲ್ಲೇ ಒಂದು ಹಲ್ಲೂ ಉಳಿದಿರಲಿಲ್ಲ. “ಬಡಗಿ ಮನೆ ಬಾಗಿಲು ಮುರಿದೇ ಇರುತ್ತೆ ಕಣಮ್ಮ” ಎಂದು ನಗುತ್ತಿದ್ದರು.

ಹಲ್ಲಕ್ಕನ ಗಂಡ ನೀರಿನ ಪಂಪುಗಳನ್ನು ಮಾರುವ ಕಂಪನಿಯಲ್ಲಿದ್ದ. ಕುಡಿತ, ಹೊಡೆತ ಯಾವುದೂ ಇಲ್ಲ. ಆದರೆ ಯಾವುದೋ ಒಂದು ಜಗಳದ ನಂತರ ಅವನು ಹೆಂಡತಿಯೊಡನೆ ಮಾತು ಬಿಟ್ಟ. ಮತ್ತೆ ಶುರು ಮಾಡಲೇ ಇಲ್ಲ. ಹೇಳಬೇಕಾದದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದ. “ನಿಮ್ಮಮ್ಮಂಗೆ ಹೇಳು, ಅಂಗಿ ಗುಂಡಿ ಹೋಗಿದೆ ಅಂತ.” ಅಮ್ಮ ಅದೇ ಕೋಣೆಯಲ್ಲಿ ಕೂತಿರುತ್ತಿದ್ದಳು. ಮೊದಮೊದಲು ಮಗು ಆಟವೆಂದುಕೊಂಡು ಓಡಿ ಬಂದು ಇಡೀ ವಾಕ್ಯವನ್ನು ಒಪ್ಪಿಸುತ್ತಿತ್ತು. ಆಮೇಲೆ ಅದಕ್ಕೂ ಬೇಸರವಾಗಿ, ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ “ಗುಂಡಿ” ಎಂದಷ್ಟೇ ಹೇಳಿ ಮುಗಿಸುತ್ತಿತ್ತು. ಹಾಗೆ ಅದು ಮಾತನ್ನು ಕತ್ತರಿಸಿದ್ದನ್ನು ಕೇಳಿದ ದಿನವೇ ಹಲ್ಲಕ್ಕ ವಕೀಲರನ್ನು ಹುಡುಕಿದಳು.

ವಕೀಲಮ್ಮನ ಕಚೇರಿ ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ಕೆಳಗಿನ ರಬ್ಬರಿನ ವಾಸನೆ ಕಡತಗಳಿಗೂ ಹತ್ತಿತ್ತು. ಆಕೆ ಒಳ್ಳೆಯವಳು, ಆತುರದವಳು. ಚಹಾ ತರಿಸಿ ಕುಡಿಯಲು ಮರೆಯುವವಳು.

“ಹೊಡೆದಿಲ್ಲ ಅಂತೀರಿ. ಪರವಾಗಿಲ್ಲ. ವರ್ಷಗಟ್ಟಲೆ ಮಾತಾಡದೇ ಇರೋದನ್ನ ಮಾನಸಿಕ ಕ್ರೌರ್ಯ ಅಂತ ಹಾಕ್ಬಹುದು.”

“ಕ್ರೌರ್ಯ ಅಂದ್ರೆ ತುಂಬಾ ದೊಡ್ಡ ಮಾತಾಗಲ್ವಾ ಮೇಡಂ? ಅವರು ಸುಮ್ಮನೆ ಕೂತಿರ್ತಾರೆ ಅಷ್ಟೆ.”

“ಸುಮ್ಮನೆ ಕೂರೋದಕ್ಕೂ ಒಂದು ಹೆಸರು ಬೇಕಲ್ಲಮ್ಮ. ಕೋರ್ಟಲ್ಲಿ ಹೆಸರಿಲ್ಲದ ನೋವು ನಡೆಯಲ್ಲ.” ವಕೀಲಮ್ಮ ಪೆನ್ನು ಕೆಳಗಿಟ್ಟಳು. “ಅವರೂ ಒಪ್ಪಿದ್ರೆ ಪರಸ್ಪರ ಸಮ್ಮತಿ ಅಂತ ಹಾಕಿ ಬೇಗ ಮುಗಿಸ್ಬಹುದು, ಯಾರ ಮೇಲೂ ತಪ್ಪು ಹೊರಿಸ್ಬೇಕಾಗಿಲ್ಲ. ಮದುವೆ ಮುರಿಯೋದು ಸುಲಭ. ಮಗುವಿನ ವಿಷಯಕ್ಕೇ ಗುದ್ದಾಟ. ಅದರಲ್ಲಿ ಎರಡು ಭಾಗ ಇದೆ, ಗಾರ್ಡಿಯನ್ ಬೇರೆ, ಕಸ್ಟಡಿ ಬೇರೆ.”

“ಎರಡೂ ಒಂದೇ ಅಲ್ವಾ?”

“ಅಲ್ಲ. ಆಪರೇಷನ್ ಆಗ್ಬೇಕು, ಸ್ಕೂಲ್ ಬದಲಾಯಿಸ್ಬೇಕು ಅಂದಾಗ ಯಾರ ಸಹಿ ನಡೆಯುತ್ತೋ ಅವರು ಗಾರ್ಡಿಯನ್. ಬೆಳಿಗ್ಗೆ ಎಬ್ಬಿಸಿ ಹಲ್ಲುಜ್ಜಿಸೋದು ಯಾರೋ ಅವರದು ಕಸ್ಟಡಿ.”

“ನನಗೆ ಹಲ್ಲುಜ್ಜಿಸೋದು ಸಾಕು” ಎಂದಳು ಹಲ್ಲಕ್ಕ. ವಕೀಲಮ್ಮ ಆ ದಿನ ಮೊದಲ ಬಾರಿ ನಕ್ಕಳು.

ಲ್ಯಾಬಿನಲ್ಲಿ ಈ ಪಾಠ ಮತ್ತೊಮ್ಮೆ ನಡೆಯಿತು. ಪ್ಲಾಸ್ಟರ್ ಮಾವನಿಗೆ ಒಂದು ಪದವೂ ಹಿಡಿಸಲಿಲ್ಲ. “ಕಸ್ಟಡಿ ಅಂದ್ರೆ ಪೊಲೀಸಿನವರು ಕಳ್ಳನ್ನ ಇಟ್ಕೊಳ್ಳೋದಲ್ವೇನೆ? ಆ ಕೂಸು ಏನು ಕದ್ದಿದೆ?”

“ನನ್ನ ನಿದ್ದೆ ಕದ್ದಿದೆ ಮಾವ. ಕೆಲಸ ನೋಡಿ.”

ಗಂಡ ವಿಚ್ಛೇದನಕ್ಕೆ ಒಪ್ಪಿದ. ಒಪ್ಪಿದ್ದನ್ನೂ ತನ್ನ ವಕೀಲರ ಮೂಲಕವೇ ಹೇಳಿಸಿದ. ಆದರೆ ಮಗಳು ತನಗೇ ಬೇಕೆಂದ. ಅಷ್ಟರಲ್ಲಿ ಹಲ್ಲಕ್ಕ ಲ್ಯಾಬಿನ ಮೇಲಿನ ಒಂಟಿ ಕೋಣೆಗೆ ಬಂದಿದ್ದಳು. ನೆಲದ ಸಂದಿಯಿಂದ ಸುಟ್ಟ ಮೇಣದ ವಾಸನೆ ಏರಿ ಬರುತ್ತಿತ್ತು. ಮಗಳ ಶಾಲೆ ಊರಿನ ಇನ್ನೊಂದು ತುದಿಯಲ್ಲಿ, ಗಂಡನ ಮನೆಯ ಬೀದಿಯಲ್ಲೇ ಇತ್ತು. ಶಾಲೆಯ ವರ್ಷ ಅರ್ಧ ಕಳೆದಿತ್ತು. ಮೊಕದ್ದಮೆ ಮುಗಿಯುವವರೆಗೆ ಮಗು ತಂದೆಯ ಮನೆಯಲ್ಲೇ ಇರಲಿ, ಅಜ್ಜಿ ದಿನವಿಡೀ ಮನೆಯಲ್ಲಿರುತ್ತಾರೆ, ಶನಿವಾರ ಭಾನುವಾರ ತಾಯಿಯ ಬಳಿಗೆ ಕಳಿಸುತ್ತೇವೆ ಎಂದು ಅವನ ಕಡೆಯವರು ಅರ್ಜಿ ಹಾಕಿದರು.

ನ್ಯಾಯಾಲಯದ ಮೊಗಸಾಲೆಯ ಬೆಂಚಿನಲ್ಲಿ ಕೂತು ವಕೀಲಮ್ಮ ಹೇಳಿದಳು: “ಇದು ಮಧ್ಯಂತರ ಆದೇಶಕ್ಕೆ ಅರ್ಜಿ. ಬೇಡ ಅಂದ್ರೆ ನಾನು ವಾದ ಮಾಡ್ತೀನಿ. ಗೆಲ್ತೀನಿ ಅಂತ ಹೇಳಲ್ಲ. ಒಂದೇ ಕೋಣೆ, ಶಾಲೆ ದೂರ… ನೀವು ಯೋಚಿಸಿ ಹೇಳಿ.”

“ಮಧ್ಯಂತರ ಅಂದ್ರೆ ತಾತ್ಕಾಲಿಕ ತಾನೆ?”

“ಹೌದು.”

“ಕೊನೆ ತೀರ್ಪು ಬಂದಾಗ ಇದು ಹೋಗುತ್ತೆ?”

“ಹೋಗುತ್ತೆ. ಇದರ ಜಾಗಕ್ಕೆ ಅದು ಬರುತ್ತೆ. ನಿಮ್ಮ ಹಕ್ಕಿಗೆ ಬಾಧೆ ಇಲ್ಲದ ಹಾಗೆ ಅಂತ ಒಂದು ಸಾಲು ಸೇರಿಸ್ತೀನಿ ಬೇಕಾದ್ರೆ.”

“ಸೇರಿಸಿ. ಹಾಗಾದ್ರೆ ಸರಿ.”

ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗಿದ್ದವು, ಉತ್ತರಗಳೂ ಸರಿಯಾಗಿದ್ದವು. ಕೊನೆಯ ತೀರ್ಪನ್ನು ಯಾವುದರ ಮೇಲೆ ಕಟ್ಟುತ್ತಾರೆ ಎಂದು ಮಾತ್ರ ಅವಳು ಕೇಳಲಿಲ್ಲ. ಕೇಳಬೇಕೆಂದು ತೋರಲೇ ಇಲ್ಲ. ಅದಕ್ಕೆ ಕಾರಣ ಅವಳ ಕಸುಬು.

ಹಲ್ಲೊಂದನ್ನು ಅರೆದು ಅದರ ಮೇಲೆ ಪಿಂಗಾಣಿಯ ಟೋಪಿ ಕೂರಿಸಬೇಕಾದಾಗ, ಅದು ತಯಾರಾಗುವವರೆಗೆ ಬಾಯಿ ಬರಿದಾಗಿರಬಾರದೆಂದು ಪ್ಲಾಸ್ಟಿಕ್ಕಿನದೊಂದನ್ನು ಮೆದು ಅಂಟಿನಿಂದ ಕೂರಿಸುತ್ತಾರೆ. ಅದೇ ತಾತ್ಕಾಲಿಕ ಹಲ್ಲು. ಅಚ್ಚು ಮೊದಲ ದಿನವೇ ತೆಗೆದಾಗಿರುತ್ತದೆ. ಖಾಯಂ ಹಲ್ಲು ಆ ಅಚ್ಚಿಗೇ ತಯಾರಾಗುತ್ತದೆ, ನಡುವಿನ ದಿನಗಳಿಗೆ ಅಲ್ಲ. ತಾತ್ಕಾಲಿಕವನ್ನು ಕೆಟ್ಟದಾಗಿ ಮಾಡಿದರೆ ವಸಡು ಹುಣ್ಣಾಗುತ್ತದೆ, ಆಮೇಲೆ ಖಾಯಂ ಹಲ್ಲಿಗೂ ಜಾಗ ಸರಿಯಿರುವುದಿಲ್ಲ. ಆದ್ದರಿಂದ ಹಲ್ಲಕ್ಕ ತಾತ್ಕಾಲಿಕವನ್ನೂ ಶ್ರದ್ಧೆಯಿಂದ ನುಣುಪು ಮಾಡುತ್ತಿದ್ದಳು. ಲ್ಯಾಬಿನಲ್ಲಿ ಉಳಿದವರು ಕೆಲವು ದಿನದ ಮಾತಿಗೆ ಯಾಕಿಷ್ಟು ಎನ್ನುತ್ತಿದ್ದರು.

ತನ್ನ ಮೊಕದ್ದಮೆಯ ಅಚ್ಚೂ ಮೊದಲ ದಿನವೇ ತೆಗೆದಾಗಿದೆ ಎಂದು ಅವಳು ನಂಬಿದಳು. ಹೆತ್ತದ್ದು, ಜ್ವರದಲ್ಲಿ ಎತ್ತಿಕೊಂಡು ತಿರುಗಿದ್ದು, ಅಕ್ಷರ ಕಲಿಸಿದ್ದು ಎಲ್ಲವೂ ಅರ್ಜಿಯಲ್ಲಿತ್ತು. ನಡುವಿನ ಕಾಲದಲ್ಲಿ ಮಗು ಹುಣ್ಣಾಗದಂತೆ ನೋಡಿಕೊಳ್ಳುವುದಷ್ಟೇ ತನ್ನ ಪಾಲಿನ ಕೆಲಸ.

ಹುಣ್ಣಾಗುವ ಲಕ್ಷಣ ಬೇಗನೆ ಕಂಡಿತು. ಭಾನುವಾರ ಸಂಜೆ ಗಂಡನ ಮನೆಯ ಗೇಟಿನಲ್ಲಿ ಮಗಳು ಅವಳ ಸೊಂಟ ಹಿಡಿದು ಬಿಡುತ್ತಿರಲಿಲ್ಲ. ಅಜ್ಜಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತಿತ್ತು. ಗಂಡ ಪಡಸಾಲೆಯ ದೀಪ ಹಾಕಿ ಒಳಗೆ ಹೋಗಿಬಿಡುತ್ತಿದ್ದ.

ವಕೀಲಮ್ಮ ಈ ಅಳುವಿನ ವಿಷಯ ಕೇಳಿ ಹುಬ್ಬು ಏರಿಸಿದಳು. “ಬರೆದಿಟ್ಕೊಳ್ಳಿ. ಆಮೇಲೆ ಬೇಕಾಗ್ಬಹುದು.”

“ಮಗು ಅಳೋದು ಬೇಕಾಗುತ್ತಾ?” ಎಂದು ಹಲ್ಲಕ್ಕ ಸಿಡಿದಳು. “ಅದನ್ನ ನಿಲ್ಲಿಸೋದು ಹೇಗೆ ಅಂತ ನೋಡ್ತಿದ್ದೀನಿ ನಾನು.”

ನಿಲ್ಲಿಸಿದಳು. ಮುಂದಿನ ವಾರ ಗೇಟಿನಲ್ಲಿ ನಿಲ್ಲದೆ ನೇರ ಅಡುಗೆಮನೆಗೆ ನಡೆದು ಅತ್ತೆಯ ಎದುರು ನಿಂತಳು.

“ಅತ್ತೆ, ನಿಮಗೂ ನನಗೂ ಇರೋದು ಇರಲಿ. ಅವಳ ಹಾಲಿಗೆ ಸಕ್ಕರೆ ಹಾಕ್ಬೇಡಿ, ಕುಡಿಯಲ್ಲ. ಕೆನೆ ಸೋಸಿ ಕೊಡಿ.”

“ನಾನು ಮಕ್ಕಳನ್ನ ಸಾಕಿಲ್ವೇನೆ? ನಿನ್ನ ಗಂಡ ಏನು ಗಾಳಿ ಕುಡಿದು ಬೆಳೆದ್ನಾ?”

“ಹೇಗೆ ಬೆಳೆದ್ರು ಅಂತ ನೋಡಿದ್ದೀನಲ್ಲ.”

ಅತ್ತೆಗೆ ಕೋಪ ಬರಬೇಕಿತ್ತು. ಬದಲಿಗೆ ಸೌಟು ತಿರುಗಿಸುತ್ತಾ ಗೊಣಗಿದರು: “ನನ್ನ ಹತ್ರಾನೂ ಮಾತಾಡಲ್ಲ ಬಿಡು ಅವನು. ಆ ಮಗು ಮೂಲಕಾನೇ ಹೇಳಿ ಕಳಿಸ್ತಾನೆ.” ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, “ಆ ಜಡೆ ಹೇಗೆ ಹಾಕ್ತೀಯ, ತೋರಿಸಿ ಹೋಗು. ನಾನು ಹಾಕಿದ್ರೆ ಹಗ್ಗ ಅಂತಾಳೆ.”

ಜಡೆ ಹಾಕುವುದನ್ನು ತೋರಿಸಿದಳು. ಮಲಗುವಾಗ ಹೇಳುವ ಕಥೆಯಲ್ಲಿ ನರಿಗೆ ಯಾವ ದನಿ, ಮೊಸಳೆಗೆ ಯಾವ ದನಿ ಎಂದು ಕಲಿಸಿದಳು. ತಾನು ಹೊದೆಯುತ್ತಿದ್ದ ಹಳದಿ ಹೊದಿಕೆಯನ್ನು ಆ ಮನೆಗೆ ಕೊಟ್ಟಳು. ಮಗಳನ್ನು ಎದುರು ಕೂರಿಸಿಕೊಂಡು ಹೇಳಿದಳು: “ಗುಬ್ಬಿ, ಇದು ಸ್ವಲ್ಪ ದಿನ. ಆ ಮನೆಯಲ್ಲೂ ನಗ್ತಾ ಇರ್ಬೇಕು. ನೀನು ಅತ್ರೆ ಅಮ್ಮಂಗೆ ಹಲ್ಲು ಮಾಡೋಕೆ ಕೈ ಓಡಲ್ಲ. ಹೆದರಿಕೆ ಆದ್ರೆ ಅಜ್ಜಿ ಪಕ್ಕ ಹೋಗಿ ಮಲಗು.”

“ಅಜ್ಜಿ ಗೊರಕೆ ಹೊಡೀತಾರೆ.”

“ಗೊರಕೆ ಕೇಳಿಸಿದ್ರೆ ಒಳ್ಳೇದೇ. ಅಜ್ಜಿ ಪಕ್ಕದಲ್ಲೇ ಇದ್ದಾರೆ ಅಂತ ಗೊತ್ತಾಗುತ್ತಲ್ಲ.”

ಮಗಳು ಯಾವ ಪಾಠವನ್ನಾದರೂ ಬೇಗ ಕಲಿಯುವವಳು. ಇದನ್ನೂ ಕಲಿತಳು. ಗೇಟಿನಲ್ಲಿ ಅಳು ಕಡಿಮೆಯಾಯಿತು, ಆಮೇಲೆ ನಿಂತಿತು, ಆಮೇಲೆ ಅವಳು ಗೇಟು ತೆಗೆದು ಒಳಗೆ ಓಡತೊಡಗಿದಳು. ಹಲ್ಲಕ್ಕ ವಾಪಸು ಬರುವ ಬಸ್ಸಿನಲ್ಲಿ ಒಂದು ಕೆಲಸ ಅಚ್ಚುಕಟ್ಟಾಗಿ ಆಯಿತೆಂಬ ಸಮಾಧಾನದಲ್ಲಿ ಕೂತಿರುತ್ತಿದ್ದಳು. ಎದೆಯಲ್ಲಿ ಇನ್ನೂ ಏನೋ ಇತ್ತು. ಅದನ್ನು ದಣಿವು ಎಂದುಕೊಂಡಳು.

ಪ್ಲಾಸ್ಟರ್ ಮಾವನಿಗೆ ಮಾತ್ರ ಇದು ಸರಿಬರಲಿಲ್ಲ. “ನೀನು ಆ ತಾತ್ಕಾಲಿಕಕ್ಕೆ ಬಹಳ ಪಾಲಿಶ್ ಮಾಡ್ತಿದ್ದೀಯ ಕಣಮ್ಮ.”

“ಯಾವುದಕ್ಕೆ?”

“ಗೊತ್ತಿಲ್ಲದವಳ ಹಾಗೆ ಕೇಳ್ಬೇಡ. ಆರಾಮಾಗಿ ಕೂತ ತಾತ್ಕಾಲಿಕ ಹಲ್ಲಿನವರು ವಾಪಸ್ ಬರಲ್ಲ. ನೋಯದೇ ಇದ್ದ ಮೇಲೆ ಯಾರು ಬರ್ತಾರೆ? ಅಷ್ಟರಲ್ಲಿ ಪಕ್ಕದ ಹಲ್ಲು ವಾಲಿರುತ್ತೆ. ಆ ಕಪಾಟು ನೋಡು, ಮಾಡಿಟ್ಟ ಖಾಯಂ ಹಲ್ಲು ಎಷ್ಟು ಬಿದ್ದಿವೆ.”

“ನನ್ನ ಮಗಳು ನಿಮ್ಮ ಗಿರಾಕಿ ಅಲ್ಲ ಮಾವ!” ಅವಳ ಕೂಗಿಗೆ ಗ್ರೈಂಡರುಗಳು ನಿಂತವು. ಮಾವ ಹುಬ್ಬಿನ ಪುಡಿ ಒರೆಸಿಕೊಂಡು ತಮ್ಮ ಅಚ್ಚುಗಳ ಕಡೆಗೆ ತಿರುಗಿದರು. ಅವರ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು. ಆದರೆ ಅದು ಹಲ್ಲಿನ ವಿಷಯದಲ್ಲಿ ನಿಜ, ನ್ಯಾಯಾಲಯದಲ್ಲಿ ಕಾನೂನು ಇರುತ್ತದಲ್ಲ ಎಂದುಕೊಂಡಳು.

ಕಾನೂನು ಇತ್ತು. ಅದಕ್ಕೆ ವಾಯಿದೆಗಳೂ ಇದ್ದವು. ಒಮ್ಮೆ ಆ ಕಡೆಯ ವಕೀಲರಿಗೆ ಜ್ವರ, ಒಮ್ಮೆ ಗಂಡ ಪಂಪು ಮಾರಲು ಹೊರಗೆ ಹೋಗಿದ್ದ, ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಗಿ ಹೊಸಬರು ಬಂದು ಕಡತವನ್ನು ಮೊದಲಿನಿಂದ ಓದಬೇಕಾಯಿತು. ಮಗಳು ಒಂದು ತರಗತಿ ದಾಟಿದಳು, ಇನ್ನೊಂದನ್ನೂ ದಾಟಿದಳು. ಈ ನಡುವೆ ಹಲ್ಲಕ್ಕ ರಜೆಯಿಲ್ಲದೆ ದುಡಿದು ಎರಡು ಕೋಣೆಯ ಮನೆ ಹಿಡಿದಳು. ಒಂದು ಕೋಣೆ ಪೂರ್ತಿ ಮಗಳಿಗೆ: ಬೆಳಕು ಬೀಳುವ ಕಡೆಗೆ ಮೇಜು, ಕೈಗೆಟುಕುವ ಎತ್ತರದಲ್ಲಿ ಕಪಾಟು. ಮನೆಯ ಹತ್ತಿರದ ಶಾಲೆಗೆ ಹೋಗಿ ಸೀಟಿನ ಬಗ್ಗೆಯೂ ವಿಚಾರಿಸಿ ಬಂದಳು. ಇನ್ನು ಯಾರೂ ಒಂದೇ ಕೋಣೆ, ಶಾಲೆ ದೂರ ಎನ್ನುವಂತಿರಲಿಲ್ಲ.

ಕೊನೆಯ ಹಂತದಲ್ಲಿ ನ್ಯಾಯಾಲಯ ಕಳಿಸಿದ ಆಪ್ತಸಮಾಲೋಚಕಿ ಒಂದು ಶನಿವಾರ ಆ ಮನೆಗೆ ಬಂದರು. ಬೂದು ಕೂದಲಿನ, ಮೆಲುದನಿಯ ಹೆಂಗಸು. ಕೋಣೆ ನೋಡಿ ಮೆಚ್ಚಿದರು. ಮಗಳು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಬಣ್ಣದ ಪೆನ್ಸಿಲುಗಳನ್ನು ಹೆರೆಯುತ್ತಿದ್ದಳು.

“ಈ ರೂಮು ಚೆನ್ನಾಗಿದೆ ಅಲ್ವಾ ಪುಟ್ಟ?”

“ಹ್ಞೂಂ. ಅಮ್ಮನೇ ಕಪಾಟು ಹೊಡ್ಸಿದ್ದು.”

“ಇಲ್ಲಿ ಬಂದು ಅಮ್ಮನ ಜೊತೆ ಇರ್ತೀಯಾ?”

ಮಗಳು ಪೆನ್ಸಿಲಿನ ತುದಿಯನ್ನು ಊದಿ, ಸಹಜವಾಗಿ ತಲೆಯೆತ್ತಿ ಕೇಳಿದಳು: “ಎಷ್ಟು ದಿನಕ್ಕೆ?”

ಬಾಗಿಲ ಬಳಿ ನೀರಿನ ಲೋಟ ಹಿಡಿದು ನಿಂತಿದ್ದ ಹಲ್ಲಕ್ಕನಿಗೆ ಆ ಪ್ರಶ್ನೆ ಕೇಳಿಸಿತು. ಸಮಾಲೋಚಕಿಗೂ ಕೇಳಿಸಿತು. ಮುಂದೆ ಅವರು ಕೇಳಿದ್ದಕ್ಕೆಲ್ಲ ಮಗು ನಿಜವನ್ನೇ ಹೇಳಿತು. ಅಮ್ಮ ಇಷ್ಟ. ಅಜ್ಜಿಯೂ ಇಷ್ಟ. ಅಪ್ಪ ಜಾಸ್ತಿ ಮಾತಾಡಲ್ಲ, ಆದರೆ ಸೈಕಲ್ಲಿಗೆ ಗಾಳಿ ಹಾಕಿಕೊಡುತ್ತಾರೆ. ಶಾಲೆ ಬಿಡಲು ಇಷ್ಟವಿಲ್ಲ. ಗೆಳತಿ ಪಕ್ಕದ ಮನೆಯವಳೇ. ಸಂಜೆ ಅಲ್ಲಿಗೆ ವಾಪಸು ಹೋಗುವಾಗ ಅಳು ಬರುತ್ತದೆಯೇ ಎಂದಾಗ, “ಚಿಕ್ಕವಳಿದ್ದಾಗ ಬರ್ತಿತ್ತು. ಈಗ ಇಲ್ಲ” ಎಂದಿತು. ಹೇಳುವಾಗ ಅದರ ಮುಖದಲ್ಲಿ ಸ್ವಲ್ಪ ಜಂಭವೂ ಇತ್ತು.

ತೀರ್ಪಿನಲ್ಲಿ ವಿಚ್ಛೇದನ ಸಿಕ್ಕಿತು. ಮಗುವಿನ ಸುಪರ್ದು, ಅಂದರೆ ಕಸ್ಟಡಿ, ತಂದೆಗೆ. ತಾಯಿಗೆ ಭೇಟಿಯ ಹಕ್ಕು: ಒಂದು ಬಿಟ್ಟು ಒಂದು ವಾರಾಂತ್ಯ, ದೊಡ್ಡ ರಜೆಯಲ್ಲಿ ಅರ್ಧ. ಮಧ್ಯಂತರ ಆದೇಶದಲ್ಲಿ ಪ್ರತಿ ವಾರವೂ ಸಿಗುತ್ತಿತ್ತು. ಮಗು ಈಗಿರುವ ಮನೆಯಲ್ಲಿ ಚೆನ್ನಾಗಿ ಹೊಂದಿಕೊಂಡಿದೆ, ಅದನ್ನು ಕದಲಿಸುವುದು ಅದರ ಹಿತಕ್ಕೆ ತಕ್ಕುದಲ್ಲ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ಮಗು ಹೊಂದಿಕೊಳ್ಳುವಲ್ಲಿ ತಾಯಿ ನೀಡಿದ ಸಹಕಾರವನ್ನು ನ್ಯಾಯಾಲಯ ಮೆಚ್ಚುತ್ತದೆ.

ವಕೀಲಮ್ಮ ಆ ಸಾಲನ್ನು ಓದಿ ಹೇಳುವಾಗ ತಲೆಯೆತ್ತಲಿಲ್ಲ.

“ನನ್ನ ಹಕ್ಕಿಗೆ ಬಾಧೆ ಇಲ್ಲದ ಹಾಗೆ ಅಂತ ಬರೆಸಿದ್ರಿ.”

“ಬರೆಸಿದ್ದೆ. ನಿಮ್ಮ ಹಕ್ಕಿಗೆ ಏನೂ ಆಗಿಲ್ಲಮ್ಮ, ಹಾಗೇ ಇದೆ. ಕೋರ್ಟು ನೋಡೋದು ಮಗುವಿನ ಹಿತ. ಅದನ್ನ ಇವತ್ತಿನ ಮಗುವಿಗೆ ನೋಡ್ತಾರೆ, ಅರ್ಜಿ ಹಾಕಿದ ದಿನದ ಮಗುವಿಗಲ್ಲ.”

“ಇದನ್ನ ಅವತ್ತೇ ಹೇಳ್ಬಹುದಿತ್ತು ನೀವು.”

“ಅಳೋದನ್ನ ಬರೆದಿಟ್ಕೊಳ್ಳಿ ಅಂದೆ. ನೀವು ಬೈದ್ರಿ.”

ಕೆಳಗೆ ಯಾರೋ ಹೊಸ ಚಪ್ಪಲಿ ಹಾಕಿ ನೆಲಕ್ಕೆ ಕುಟ್ಟಿ ನೋಡುತ್ತಿದ್ದರು.

“ಮೇಲ್ಮನವಿ ಹಾಕ್ಬಹುದು” ಎಂದಳು ವಕೀಲಮ್ಮ. “ಆದ್ರೆ ಅಲ್ಲಿ ಮಗುವಿಗೆ ತೊಂದರೆ ಇದೆ, ಅಜ್ಜಿ ಸರಿಯಾಗಿ ನೋಡ್ಕೊಳ್ಳಲ್ಲ ಅಂತ ತೋರಿಸ್ಬೇಕು.”

“ಚೆನ್ನಾಗೇ ನೋಡ್ಕೊಳ್ತಾರೆ. ನಾನೇ ಹೇಳಿಕೊಟ್ಟಿದ್ದು.”

“ಹಾಗಾದ್ರೆ ಕಾಯಿರಿ. ಕಸ್ಟಡಿಯ ತೀರ್ಪು ಕಲ್ಲಿನ ಮೇಲೆ ಕೊರೆದದ್ದಲ್ಲ. ಪರಿಸ್ಥಿತಿ ಬದಲಾದ್ರೆ ಮತ್ತೆ ಅರ್ಜಿ ಹಾಕೋ ಅವಕಾಶ ಇದೆ.”

“ಪರಿಸ್ಥಿತಿ ಬದಲಾಗೋದು ಅಂದ್ರೆ?”

ಈ ಸಲ ಹಲ್ಲಕ್ಕ ಬಿಡಿಸಿ ಕೇಳಿದಳು. ವಕೀಲಮ್ಮನೂ ಬಿಡಿಸಿ ಹೇಳಿದಳು: ಅಜ್ಜಿಗೆ ಕೈಲಾಗದೇ ಹೋಗುವುದು, ತಂದೆ ಇನ್ನೊಂದು ಮದುವೆಯಾಗಿ ಮಗು ಮೂಲೆಗೆ ಬೀಳುವುದು, ಮಾರ್ಕು ಇಳಿಯುವುದು, ಮೈ ಇಳಿಯುವುದು, ಏಟು, ಗಾಯ, ಮಗುವನ್ನು ನೋಡುವವರಿಲ್ಲದೆ ಬಿಟ್ಟದ್ದಕ್ಕೆ ಗುರುತು. “ಅಂಥದ್ದು ಏನಾದ್ರೂ ಕಣ್ಣಿಗೆ ಬಿದ್ರೆ ಫೋಟೋ ತೆಗೆದಿಟ್ಕೊಳ್ಳಿ.”

ಹಲ್ಲಕ್ಕ ಈ ಸಲ ಬೈಯಲಿಲ್ಲ.

ಅಲ್ಲಿಂದ ಮುಂದೆ ಮಗಳು ಬಂದಾಗಲೆಲ್ಲ ಹಲ್ಲಕ್ಕ ಮೊದಲು ಅವಳನ್ನು ಅಪ್ಪಿಕೊಂಡು, ಅಪ್ಪಿಕೊಂಡಂತೆಯೇ ಬೆನ್ನಿನ ಎಲುಬು ಮುಟ್ಟಿ ನೋಡುತ್ತಿದ್ದಳು. ಸ್ನಾನ ಮಾಡಿಸುವಾಗ ಕೈಕಾಲುಗಳನ್ನು ತಿರುಗಿಸಿ ನೋಡುತ್ತಿದ್ದಳು. ಪರೀಕ್ಷೆ ಹೇಗಾಯಿತು ಎಂದು ಕೇಳಿ, ಚೆನ್ನಾಯಿತು ಎಂದು ಮಗಳು ಹೇಳಿದಾಗ, “ಜಾಣೆ” ಎನ್ನುವುದಕ್ಕೆ ಮೊದಲು ಕ್ಷಣಕಾಲ ಬಾಯಿ ಕಟ್ಟುತ್ತಿತ್ತು. ತನ್ನ ಮಗಳ ಮೈಮೇಲೆ ತಾನು ಏನನ್ನು ಹುಡುಕುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಿಗದೇ ಹೋದಾಗ ಆಗುತ್ತಿದ್ದ ನಿರಾಸೆ ಎಂಥದೆಂದೂ ಗೊತ್ತಿತ್ತು. ಅದಕ್ಕೆ ಕಾನೂನಿನಲ್ಲಿ ಏನು ಹೆಸರೆಂದು ಅವಳು ಯಾರನ್ನೂ ಕೇಳಲಿಲ್ಲ.

ಒಂದು ಶನಿವಾರ ಮಗಳು ಬಂದಾಗ ಬಲ ಮೊಣಕೈಗೆ ಕರವಸ್ತ್ರ ಸುತ್ತಿತ್ತು. ಬಿಚ್ಚಿದರೆ ಅಂಗೈಯಗಲ ಚರ್ಮ ತರಚಿ ಹೋಗಿತ್ತು. ಅಂಚಿನಲ್ಲಿ ಮಣ್ಣು ಇನ್ನೂ ಅಂಟಿತ್ತು.

“ಏನಾಯ್ತು?”

“ಬರೋಕೆ ಮುಂಚೆ ಸೈಕಲ್ಲಿಂದ ಬಿದ್ದೆ. ಗೇಟಿನ ಆಚೆ.”

“ಆಚೆ? ರಸ್ತೇಲಾ? ಅಜ್ಜಿ ಎಲ್ಲಿದ್ರು?”

“ಮಲಗಿದ್ರು. ಮಂಡಿ ನೋವು ಅಂತ ಮಾತ್ರೆ ತಗೊಂಡ್ರೆ ನಿದ್ದೆ ಬರುತ್ತೆ ಅವರಿಗೆ.”

ಹಲ್ಲಕ್ಕನ ಎದೆಯೊಳಗೆ ಏನೋ ಹಗುರವಾಯಿತು. ಹತ್ತಿ, ಔಷಧಿ ಇದ್ದ ಡಬ್ಬಿ ಕಪಾಟಿನಲ್ಲಿತ್ತು. ಫೋನು ಮೇಜಿನ ಮೇಲೆ. ಅವಳ ಕೈ ಮೇಜಿನ ಕಡೆಗೆ ಹೋಯಿತು.

“ಕೈ ಎತ್ತಿ ಹಿಡಿ. ಹೀಗೆ.”

ಅಮ್ಮ ಫೋನು ಎತ್ತಿದ್ದನ್ನು ಕಂಡು ಮಗಳು ತಲೆಯನ್ನು ಸ್ವಲ್ಪ ಓರೆ ಮಾಡಿ, ಫೋಟೋಗೆ ನಗುವಂತೆ ನಕ್ಕಳು.

“ನಗಬೇಡ ಗುಬ್ಬಿ.”

“ಯಾಕಮ್ಮಾ?”

“ಸುಮ್ನೆ. ಒಂದು ನಿಮಿಷ ನಗಬೇಡ.”

ಮಗಳು ನಗು ನಿಲ್ಲಿಸಿದಳು. ಫೋಟೋ ಸ್ಪಷ್ಟವಾಗಿ ಬಂತು. ಆಮೇಲೆ ಹಲ್ಲಕ್ಕ ಬಿಸಿನೀರು ಕಾಯಿಸಿ ತಂದು, ಮಂಡಿಯೂರಿ ಕೂತು, ಮಣ್ಣಿನ ಒಂದೊಂದು ಕಣವನ್ನೂ ಹತ್ತಿಯ ತುದಿಯಿಂದ ಎತ್ತಿ ತೆಗೆದಳು. ಅವಳ ಕೈ ಅಂಥ ಕೆಲಸಕ್ಕೆ ಪಳಗಿದ ಕೈ.

“ಉರಿಯುತ್ತಾ?”

“ಇಲ್ಲ” ಎಂದಳು ಮಗಳು. ಅವಳು ಗಾಯವನ್ನು ನೋಡುತ್ತಿರಲಿಲ್ಲ, ಮೇಜಿನ ಮೇಲಿದ್ದ ಫೋನನ್ನು ನೋಡುತ್ತಿದ್ದಳು.